ದಾಮೋದರ ಮಾಸ್ಟ್ರನ್ನು ನಡೆಸಿದ ಮಳೆಗಾಲ

ಹೋದ ಜೂನಿನಲ್ಲಿ ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವರು ಕುತ್ತಿಗೆಗೆ ನೋವಿನ ಎಣ್ಣೆ ಹಚ್ಚಿಕೊಂಡಿದ್ದರು. ಜೋರು ಮಳೆ. ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಎಣ್ಣೆಯ ಘಾಟು ಒದ್ದೆ ಬಟ್ಟೆಗಳ ವಾಸನೆಯ ಜೊತೆ ಸೇರಿಕೊಂಡು ಬಸ್ಸಿನೊಳಗೇ ಸುತ್ತುತ್ತಿತ್ತು. ಪಕ್ಕದಲ್ಲಿದ್ದವರು ಸೆರಗು ಮೂಗಿಗೆ ಹಿಡಿದುಕೊಂಡರು. ನಾನು ಜಾಲ್ಸೂರಿನಲ್ಲಿ ಹಿಂದೆ ಒಂದು ಸೀಟು ಖಾಲಿಯಾದ ಕೂಡಲೇ ಎದ್ದು ಹೋಗಿ ಅಲ್ಲಿ ಕೂತೆ.

ಆ ಘಾಟು ನನಗೆ ಒಬ್ಬರನ್ನೇ ನೆನಪಿಸುತ್ತದೆ. ನಾಲ್ಕು ವರ್ಷಗಳ ಹಿಂದೆ ಒಂದು ಇಡೀ ಮಳೆಗಾಲ ನಾನು ಅವರಿಗೆ ವ್ಯಾಯಾಮ ಮಾಡಿಸಿದೆ. ಅವರು ನನ್ನನ್ನು ದ್ವೇಷಿಸಿದರು. ನಾನು ಅವರಿಗಿಂತ ಮೊದಲೇ ಶುರುಮಾಡಿದ್ದೆ. ಕೊನೆಗೆ ಎಲ್ಲ ಸರಿಹೋಯಿತು ಎಂದು ಬರೆಯುವಂತಿದ್ದರೆ ಇದನ್ನು ಎಂದೋ ಬರೆದು ಮುಗಿಸುತ್ತಿದ್ದೆನೇನೋ.

ಆಗ ನನಗೆ ಇಪ್ಪತ್ತೈದು. ಫಿಸಿಯೋಥೆರಪಿ ಓದಿ ಮುಗಿಸಿ ಸುಳ್ಯದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮೊದಲ ಕೆಲಸ. ಕೆಳಗೆ ಡಾಕ್ಟರ್ ನಸೀಮಾ ಅವರ ಕೋಣೆ, ಮೇಲೆ ತಗಡಿನ ಮಾಡಿನ ಅಡಿಯಲ್ಲಿ ನನ್ನದು. ಎರಡು ಮಂಚ, ಗೋಡೆಗೆ ಹೊಡೆದ ಭುಜದ ಚಕ್ರ, ಬಣ್ಣಬಣ್ಣದ ರಬ್ಬರ್ ಪಟ್ಟಿಗಳು, ನಿಂತಲ್ಲೇ ತುಳಿಯುವ ಒಂದು ಸೈಕಲ್. ಮಳೆ ಜೋರಾದರೆ ತಗಡಿನ ಸದ್ದಿಗೆ ರೋಗಿಗಳ ಮಾತು ಕೇಳಿಸುತ್ತಿರಲಿಲ್ಲ. ತಿಂಗಳಿಗೆರಡು ಸಲ ಡಾಕ್ಟರ ಜೊತೆ ಕಡಬಕ್ಕೂ ಹೋಗಿ ಒಂದು ದಿನ ರೋಗಿಗಳನ್ನು ನೋಡಿ ಬರುವುದಿತ್ತು. ಡಾಕ್ಟರ್ ನಸೀಮಾ ಈಶ್ವರಮಂಗಲದ ಬ್ಯಾರಿ ಮನೆತನದವರು. ಅಣ್ಣಂದಿರೆಲ್ಲ ವ್ಯಾಪಾರ, ಗಲ್ಫ್ ಎಂದು ಹೋದ ಮನೆಯಲ್ಲಿ ಇವರೊಬ್ಬರು ಪುಸ್ತಕ ಹಿಡಿದು ಕೂತವರು. ಅವರು ಸ್ವರ ಏರಿಸಿದ್ದನ್ನು ನಾನು ಕೇಳಿಲ್ಲ. ಸಿಟ್ಟು ಏರಿದಷ್ಟೂ ಅವರ ಸ್ವರ ಇಳಿಯುತ್ತಿತ್ತು. ಅದಕ್ಕೇ ನಮಗೆಲ್ಲ ಹೆದರಿಕೆ.

ಜೂನ್ ಎರಡನೆಯ ವಾರದ ಒಂದು ಬೆಳಿಗ್ಗೆ ಮೆಟ್ಟಿಲಿನಲ್ಲಿ ಯಾರೋ ಹತ್ತುವ ಸದ್ದು ಕೇಳಿತು. ಎರಡು ಮೆಟ್ಟಿಲು ಹತ್ತುವುದು, ನಿಲ್ಲುವುದು, ಮತ್ತೆ ಎರಡು. ಎಣ್ಣೆಯ ಘಾಟು ಮೊದಲು ಬಂತು, ಆಮೇಲೆ ಮನುಷ್ಯ. ಬಿಳಿ ಟೀ ಶರ್ಟು, ಬಿಳಿ ಕ್ಯಾನ್ವಾಸ್ ಶೂ, ಕತ್ತರಿಸಿದ ಮೀಸೆ. ಫೈಲು ನೋಡುವ ಮೊದಲೇ ನನಗೆ ಗುರುತು ಸಿಕ್ಕಿತು. ಅವರಿಗೆ ಸಿಗಲಿಲ್ಲ.

ದಾಮೋದರ ಮಾಸ್ಟ್ರು ನಾನು ಓದಿದ ಹೈಸ್ಕೂಲಿನ ಪಿ.ಟಿ. ಮಾಸ್ಟ್ರು. ನನ್ನ ಮನೆ ಅರಂತೋಡಿನ ಕಡೆ, ಮನೆಯಲ್ಲಿ ಅರೆಭಾಷೆ. ಅವರದು ತುಳು. ನಮ್ಮಿಬ್ಬರ ನಡುವೆ ಆಗಲೂ ಈಗಲೂ ಕನ್ನಡವೇ. ಒಂಬತ್ತನೆಯ ಕ್ಲಾಸಿನ ಆಗಸ್ಟಿನಲ್ಲಿ ಪೆರೇಡಿನ ಅಭ್ಯಾಸ ನಡೆಯುತ್ತಿದ್ದಾಗ ನನಗೆ ಹತ್ತು ದಿನದಿಂದ ಮೊಣಕಾಲು ನೋವು. ಹೇಳಿದೆ. ಅವರು ನನ್ನನ್ನು ಸಾಲಿನಿಂದ ಮುಂದೆ ಕರೆದು, ಎಲ್ಲಿ ನೋವು ತೋರಿಸು ಎಂದರು. ಹುಡುಗರು ಹುಡುಗಿಯರು ಸೇರಿ ಎಂಬತ್ತು ಮಂದಿಯ ಎದುರು ನಾನು ಚೂಡಿದಾರದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಬೇಕಾಯಿತು. ಅವರು ಬಗ್ಗಿ ನೋಡಿದರು. "ಬಾತುಕೊಳ್ಳಲಿಲ್ಲ, ಕೆಂಪಾಗಲಿಲ್ಲ. ನೋವು ಎಲ್ಲಿಂದ ಬಂತು ಮಾರಾಯ್ತಿ?" ಎಂದರು. ಎಲ್ಲರೂ ನಕ್ಕರು. ಪ್ಯಾಂಟು ಇಳಿಸಲು ಬಿಡದೆ ಹಾಗೇ ಮೈದಾನಕ್ಕೆ ನಾಲ್ಕು ಸುತ್ತು ಓಡಿಸಿದರು. ಶಾಲೆ ಬಿಡುವವರೆಗೂ ಹುಡುಗರು ನನ್ನನ್ನು 'ಮೊಣಕಾಲು' ಎಂದೇ ಕರೆದರು. ಆ ನೋವು ಬೆಳೆಯುವ ವಯಸ್ಸಿನಲ್ಲಿ ಬಂದು ಹೋಗುವ ನೋವು ಎಂದು ಕಾಲೇಜಿನಲ್ಲಿ ಓದುವಾಗ ಗೊತ್ತಾಯಿತು. ನೋವು ಹೋಗಿ ಆಗಿತ್ತು. ಆ ದಿನ ಮಾತ್ರ ಹೋಗಿರಲಿಲ್ಲ.

ಫೈಲಿನಲ್ಲಿ ಫೈಬ್ರೊಮಯಾಲ್ಜಿಯಾ ಎಂದು ಬರೆದಿತ್ತು. ಎರಡು ವರ್ಷದಿಂದ ಅವರಿಗೆ ಕುತ್ತಿಗೆ, ಬೆನ್ನು, ಸೊಂಟ, ತೊಡೆ ಎಲ್ಲ ಕಡೆ ನೋವು. ಎಂಟು ಗಂಟೆ ಮಲಗಿದರೂ ಏಳುವಾಗ ಹೊಲ ಉತ್ತವರ ಹಾಗೆ ಸುಸ್ತು. ಮೈ ಮುಟ್ಟಿದರೂ ಉರಿ. ಸುಳ್ಯ, ಪುತ್ತೂರು, ಮಂಗಳೂರು ಎಲ್ಲ ಕಡೆ ತಿರುಗಿ ಆಗಿತ್ತು. ರಕ್ತದಲ್ಲಿ ಉರಿಯೂತ ಇದೆಯೇ ಎಂದು ನೋಡುವ ಪರೀಕ್ಷೆಗಳನ್ನು ಮೂರು ಸಲ ಮಾಡಿಸಿದ್ದರು, ಮೂರು ಸಲವೂ ಎಲ್ಲ ಸರಿಯಾಗಿಯೇ ಬಂದಿತ್ತು. ಎಕ್ಸ್‌ರೇ ಸರಿ, ಸ್ಕ್ಯಾನ್ ಸರಿ. ಗಂಟುಗಳಲ್ಲಿ ಬಾವಿಲ್ಲ.

ಅದನ್ನು ಓದುವಾಗ ನನಗೆ ಸಂತೋಷವಾಯಿತು. ಬೇರೆ ಶಬ್ದ ಹಾಕಿ ಇದನ್ನು ಚಂದ ಮಾಡುವುದಿಲ್ಲ. ಬಾತುಕೊಳ್ಳಲಿಲ್ಲ, ಕೆಂಪಾಗಲಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಡಾಕ್ಟರು ಅವರನ್ನೂ ನನ್ನನ್ನೂ ಕೆಳಗೆ ಕೂರಿಸಿಕೊಂಡು ವಿವರಿಸಿದರು. ಸಂಧಿವಾತದಲ್ಲಿ ಗಂಟು ಊದುತ್ತದೆ, ರಕ್ತವೂ ಹೇಳುತ್ತದೆ. ಈ ಕಾಯಿಲೆಯಲ್ಲಿ ನೋವನ್ನು ಸಾಗಿಸುವ ನರಗಳೇ ಅತಿ ಸೂಕ್ಷ್ಮವಾಗಿಬಿಟ್ಟಿರುತ್ತವೆ, ಸಣ್ಣದನ್ನೂ ದೊಡ್ಡದಾಗಿ ಮೆದುಳಿಗೆ ಮುಟ್ಟಿಸುತ್ತವೆ. ಒಳಗೆಲ್ಲೋ ಸಣ್ಣ ಮಟ್ಟದ ಉರಿಯೂತವೂ ಇರಬಹುದೆಂದು ಹುಡುಕುತ್ತಿದ್ದಾರೆ, ಆದರೆ ನಮ್ಮ ಊರಿನ ಲ್ಯಾಬಿನ ಪರೀಕ್ಷೆಗೆ ಅದು ಸಿಗುವಂಥದ್ದಲ್ಲ. ಮಾತ್ರೆಯಿಂದ ಸ್ವಲ್ಪ ಆದೀತು. ಹೆಚ್ಚಿನ ಕೆಲಸ ಆಗಬೇಕಾದದ್ದು ವ್ಯಾಯಾಮದಿಂದ, ತಿಂಗಳುಗಟ್ಟಲೆ, ತೀರ ನಿಧಾನವಾಗಿ.

"ನೋವುಂಟು ಅಂತ ನೀವು ಹೇಳ್ತೀರಿ, ರಿಪೋರ್ಟಿನಲ್ಲಿ ಇಲ್ಲ. ನಾನು ಹೆಡ್ಮಾಸ್ಟ್ರಿಗೆ ಎಂತ ತೋರಿಸುದು?" ಎಂದು ಮಾಸ್ಟ್ರು ಕೇಳಿದರು. ಡಾಕ್ಟರು ತಾನು ಪತ್ರ ಬರೆದು ಕೊಡುವುದಾಗಿ ಹೇಳಿದರು. ಪತ್ರ ಯಾರಿಗೆ ಬೇಕು, ಒಂದು ನಂಬರು ಹೆಚ್ಚು ಕಡಿಮೆ ಬಂದಿದ್ದರೆ ಸಾಕಿತ್ತು ಎಂದು ಅವರು ಗೊಣಗಿದರು. ವ್ಯಾಯಾಮದ ಮಾತಿಗೆ ನಕ್ಕುಬಿಟ್ಟರು. ಇಪ್ಪತ್ತೆಂಟು ವರ್ಷದಿಂದ ಊರಿನ ಮಕ್ಕಳಿಗೆ ತಾನು ಕಲಿಸುತ್ತಿರುವುದು ಅದನ್ನೇ, ಈಗ ಈ ಹುಡುಗಿ ತನಗೆ ಕೈಕಾಲು ಆಡಿಸಲು ಕಲಿಸಬೇಕೋ ಎಂದರು. ಆ ಹುಡುಗಿಯಾದ ನಾನು ಅವರ ಪಕ್ಕದಲ್ಲೇ ಕೂತಿದ್ದೆ.

ವಾರಕ್ಕೆ ಮೂರು ದಿನ ಬರುತ್ತಿದ್ದರು. ಮೊದಲ ವಾರ ಐದು ನಿಮಿಷ ನಡಿಗೆ, ಉಸಿರಿನ ವ್ಯಾಯಾಮ, ಮೈ ಸಡಿಲಿಸುವುದು. ಅಷ್ಟೇ. ಅವರಿಗೆ ಅದು ಅವಮಾನ. ಒಂದನೇ ಕ್ಲಾಸಿನ ಮಕ್ಕಳ ಪಿ.ಟಿ. ಎನ್ನುತ್ತಿದ್ದರು. ನನ್ನನ್ನು ಮೇಡಂ ಎಂದು ಕರೆಯುತ್ತಿದ್ದ ರೀತಿಯಲ್ಲೇ ಬೈಗುಳ ಇರುತ್ತಿತ್ತು. ಪಕ್ಕದ ಮಂಚದಲ್ಲಿ ಭುಜ ಹಿಡಿದುಕೊಂಡವರೊಬ್ಬರು ನರಳಿದರೆ, ಇದೆಲ್ಲ ಕೆಲಸ ಇಲ್ಲದವರ ನೋವು ಎಂದು ಅವರಿಗೆ ಕೇಳುವ ಹಾಗೆ ಹೇಳುತ್ತಿದ್ದರು. ತನಗೇ ಹಾಗೆ ಹೇಳುವವರು ಊರಿಡೀ ಇದ್ದಾರೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಹಾಗೆ ಆಡುತ್ತಿದ್ದರು.

ನಾನೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಎಷ್ಟು ಬೇಕೋ ಅಷ್ಟು ಹೇಳುವುದು, ಗಡಿಯಾರ ನೋಡುವುದು, ರಿಜಿಸ್ಟರಿನಲ್ಲಿ ಬರೆಯುವುದು.

ಜುಲೈ ಮೊದಲ ವಾರ. ಬೆಳಗಿನಿಂದ ಸುರಿದ ಮಳೆಗೆ ಬೇರೆ ಯಾರೂ ಬಂದಿರಲಿಲ್ಲ. ಮಾಸ್ಟ್ರು ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ ನೇರ ಸೈಕಲ್ ಹತ್ತಿ ಕೂತರು. ಹಿಂದಿನ ದಿನ ಶಾಲೆಯಲ್ಲಿ ಯಾರೋ ಏನೋ ಅಂದಿದ್ದರೆಂದು ಕಾಣುತ್ತದೆ, ಮುಖ ಬಿಗಿದಿತ್ತು. ಅವರಿಗೆ ಸೈಕಲ್ ಇನ್ನೂ ಹೇಳಿಯೇ ಇರಲಿಲ್ಲ. ಹೇಳುವುದಾದರೂ ಬಿಗಿ ಇಲ್ಲದೆ ನಾಲ್ಕು ನಿಮಿಷ. ಅವರು ಹತ್ತು ನಿಮಿಷ ತುಳಿದರು. ಆಮೇಲೆ, "ಇದು ಗಾಳಿಯಲ್ಲಿ ಕಾಲು ಆಡಿಸಿದ ಹಾಗೆ ಉಂಟು. ಬಿಗಿ ಮಾಡು," ಎಂದರು.

ನನಗೆ ಗೊತ್ತಿತ್ತು. ಆ ಕಾಯಿಲೆಯವರು ಒಂದು ದಿನದ ಹುರುಪಿಗೆ ಮೈಮುರಿದು ದುಡಿದರೆ ಆಮೇಲೆ ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾರೆಂದು ಪರೀಕ್ಷೆಗೆ ಓದಿ ಬರೆದವಳು ನಾನು. ಎದ್ದು ಹೋಗಿ ತಿರುಗಣೆಯನ್ನು ಎರಡು ಸುತ್ತು ಬಿಗಿ ಮಾಡಿದೆ. ವಾಪಸ್ಸು ಬಂದು ಕುರ್ಚಿಯಲ್ಲಿ ಕೂತು ರಿಜಿಸ್ಟರು ತೆರೆದೆ. ಅವರು ನಲವತ್ತು ನಿಮಿಷ ತುಳಿದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನಡುವೆ ಒಮ್ಮೆ ನನ್ನ ಕಡೆ ನೋಡಿದರು, ಸಾಕು ಎನ್ನುತ್ತೇನೋ ಎಂದು ಕಾದ ಹಾಗಿತ್ತು. ನಾನು ತಲೆ ಎತ್ತಲಿಲ್ಲ. ಇಳಿಯುವಾಗ ಮಂಚ ಹಿಡಿದು ನಿಂತರು. ನೋಡಿದೆಯಾ ಎಂಬಂತೆ ನನ್ನತ್ತ ನೋಡಿ, ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದರು.

ಮತ್ತೆ ಎರಡು ವಾರ ಅವರು ಬರಲಿಲ್ಲ. ಬಂದದ್ದು ಅವರ ಹೆಂಡತಿ ಜಲಜಾಕ್ಷಿ, ನನಗೆ ಜಲಜಕ್ಕ. ಕಡಬದ ಕಡೆಯವರು, ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಗಂಡನನ್ನು ಹಟ ಹಿಡಿದು ನಮ್ಮಲ್ಲಿಗೆ ಕಳಿಸಿದ್ದೇ ಅವರು. ಮಾಸ್ಟ್ರು ಹಾಸಿಗೆಯಿಂದ ಏಳುತ್ತಿಲ್ಲ, ಸ್ನಾನಕ್ಕೆ ಹಿಡಿದುಕೊಂಡು ಹೋಗಬೇಕು, ಹೊದಿಕೆ ತಾಗಿದರೂ ಬೇಡ ಎನ್ನುತ್ತಾರೆ ಎಂದರು.

"ನೀನು ಅವರ ಹತ್ರ ಎಂತ ಮಾಡಿಸಿದ್ದು?" ಎಂದು ಕೇಳಿದರು.

ಅವರು ನನ್ನ ಮಾತು ಕೇಳದೆ ಜಾಸ್ತಿ ತುಳಿದರು ಎಂದೆ.

"ಅವರ ಬಾಯಿ ಕೆಟ್ಟದು. ಸುಳ್ಳು ಹೇಳುವ ಬಾಯಿ ಅಲ್ಲ. ಬಿಗಿ ಮಾಡಿ ಕೊಟ್ಟದ್ದು ನೀನು ಅಂತ ಹೇಳಿದ್ರು."

ಅವರೇ ಕೇಳಿದ್ದರು ಜಲಜಕ್ಕ ಎಂದೆ. ಅದು ನಿಜವೇ ಆಗಿತ್ತು. ಅವರು ಇನ್ನೇನೂ ಕೇಳದೆ ಕೆಳಗಿಳಿದು ಡಾಕ್ಟರ ಕೋಣೆಗೆ ಹೋದರು.

ಸಂಜೆ ಡಾಕ್ಟರು ಕರೆದರು. ನಾನು ಎಲ್ಲ ಹೇಳಿಬಿಟ್ಟೆ. ಸೈಕಲ್, ತಿರುಗಣೆ, ರಿಜಿಸ್ಟರು. ಪೆರೇಡಿನ ದಿನವನ್ನೂ ಹೇಳಿದೆ. ಅದನ್ನು ಕೇಳಿದರೆ ಅವರ ಮುಖ ಸ್ವಲ್ಪ ಮೆತ್ತಗಾದೀತು ಎಂಬ ಆಸೆಯಿತ್ತು. ಆಗಲಿಲ್ಲ.

"ನಿಮ್ಮ ಒಂಬತ್ತನೇ ಕ್ಲಾಸು ನನಗೆ ಬೇಡ ಭವ್ಯ," ಎಂದರು. ಸ್ವರ ಎಷ್ಟು ಇಳಿದಿತ್ತೆಂದರೆ ಕೇಳಿಸಿಕೊಳ್ಳಲು ನಾನು ಮುಂದೆ ಬಾಗಬೇಕಾಯಿತು. "ಅಷ್ಟು ತುಳಿದರೆ ಹೀಗಾಗ್ತದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಾದ್ರೆ ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗಿ. ಇದನ್ನೇ ಅವರ ಹತ್ರ ಹೇಳಿ. ಅವರು ಬೇಡ ಅಂದ್ರೆ ಮಂಗಳೂರಿಗೆ ನಾನು ಬರೆದು ಕೊಡ್ತೇನೆ. ನಿಮ್ಮ ವಿಷಯ ಆಮೇಲೆ ನೋಡುವ."

ಮಾಸ್ಟ್ರ ಮನೆ ಕಲ್ಲುಗುಂಡಿಯ ಹತ್ತಿರ, ಮಡಿಕೇರಿ ರಸ್ತೆಯಿಂದ ಸ್ವಲ್ಪ ಒಳಗೆ. ಮುಂದೆ ಸಿಮೆಂಟು ಶೀಟು ಹೊದೆಸಿದ ಉದ್ದನೆಯ ಜಗಲಿ. ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗಿದ್ದರು. ಎಣ್ಣೆಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ಎರಡು ವಾರದಲ್ಲಿ ಮುಖದ ಮಾಂಸ ಇಳಿದಿತ್ತು. ಗೋಡೆಗೆ ತಿರುಗಿಕೊಂಡಿದ್ದವರನ್ನು ಜಲಜಕ್ಕ ಮೆಲ್ಲಗೆ ಈ ಕಡೆ ತಿರುಗಿಸಿದರು. ನಾನು ಕೂರಲಿಲ್ಲ, ಕೂರಲು ಯಾರೂ ಹೇಳಲೂ ಇಲ್ಲ.

"ಆ ದಿನ ನಾನು ನಿಮ್ಮನ್ನು ತಡೆಯಬೇಕಿತ್ತು ಸರ್. ಬೇಕೂಂತಲೇ ತಡೆಯಲಿಲ್ಲ," ಎಂದೆ.

ಯಾಕೆ ಎಂದು ಕೇಳುತ್ತಾರೆ, ಆಗ ಹೇಳಬೇಕು ಎಂದು ಬಸ್ಸಿನಲ್ಲಿ ಬರುವಾಗ ಮಾತು ಜೋಡಿಸಿಕೊಂಡಿದ್ದೆ. ಅವರು ಕೇಳಲಿಲ್ಲ. ಹೊರಗೆ ಹೋಗು ಎಂದರು.

ಜಗಲಿಯಲ್ಲಿ ಚಪ್ಪಲಿ ಹಾಕುತ್ತಿದ್ದಾಗ ಜಲಜಕ್ಕ ಹಿಂದೆ ಬಂದರು. ನಾಳೆಯೂ ಬಾ, ಬಾಗಿಲು ತೆಗೆಯುವುದು ನಾನು ಎಂದರು. ನನ್ನ ಮುಖದಲ್ಲಿ ಏನು ಕಂಡಿತೋ, "ನಿನ್ನ ಮೇಲೆ ಪ್ರೀತಿಯಿಂದ ಅಲ್ಲ. ಮಂಗಳೂರಿಗೆ ಬಸ್ಸಿನಲ್ಲಿ ಕೂತು ಹೋಗ್ಲಿಕ್ಕೆ ಅವರಿಂದ ಆಗುದಿಲ್ಲ," ಎಂದೂ ಸೇರಿಸಿದರು.

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ಸುಳ್ಯದಿಂದ ಬಸ್ಸು, ಕ್ಲಿನಿಕ್ ತೆರೆಯುವ ಮೊದಲು ವಾಪಸ್ಸು. ಮೊದಲ ನಾಲ್ಕು ದಿನ ಮಂಚದ ಅಂಚಿನಲ್ಲಿ ಕೂರುವುದು, ಏಳುವುದು, ಐದು ಸಲ. ಆಮೇಲೆ ಜಗಲಿಯಲ್ಲಿ ಎರಡು ನಿಮಿಷ ನಡೆಯುವುದು. ಮಾಸ್ಟ್ರು ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ನಾನು ಹೇಳಿದ್ದನ್ನು ಜಲಜಕ್ಕ ಮತ್ತೆ ಹೇಳಬೇಕು, ಆಗ ಮಾಡುತ್ತಿದ್ದರು. ಮೂರು ಹೆಜ್ಜೆ ದೂರದಲ್ಲಿ ನಿಂತವಳ ಮಾತನ್ನು ಮತ್ತೊಬ್ಬರು ದಾಟಿಸುವುದು ನೋಡಿದವರಿಗೆ ನಗು ಬರಬಹುದಿತ್ತು. ನಮ್ಮ ಮೂವರಲ್ಲಿ ಯಾರಿಗೂ ಬರಲಿಲ್ಲ.

ಮಾಸ್ಟ್ರು ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಒಂದು ನೋಟುಪುಸ್ತಕ ಮಾಡಿಕೊಂಡರು. ಎಷ್ಟು ನಿಮಿಷ, ಆಮೇಲೆ ನೋವು ಎಷ್ಟು, ನಿದ್ದೆ ಎಷ್ಟು. ಪ್ರತಿದಿನ ಹೋಗುವ ಮೊದಲು ಅದರಲ್ಲಿ ನನ್ನ ಸಹಿ ಬೇಕು. ನಾಳೆ ಏನಾದರೂ ಆದರೆ ಸಾಕ್ಷಿಗೆ ಇರಲಿ ಎಂದು ನನಗೆ ಕೇಳುವಂತೆ ಹೆಂಡತಿಗೆ ಹೇಳಿದರು. ಸಹಿ ಹಾಕಿದೆ. ಪ್ರತಿ ಶನಿವಾರ ಆ ಪುಸ್ತಕ ಡಾಕ್ಟರಿಗೆ ಹೋಗುತ್ತಿತ್ತು.

ಅವರಿಗೆ ಅತಿ ಕಷ್ಟವಾದದ್ದು ನೋವಿನ ದಿನಗಳಲ್ಲ, ಒಳ್ಳೆಯ ದಿನಗಳು. ಒಂದು ಬೆಳಿಗ್ಗೆ ಮೈ ಹಗುರಾಗಿ ಎದ್ದರೆ ಅವರಿಗೆ ಅಂಗಳ ದಾಟಿ ರಸ್ತೆಯವರೆಗೂ ಹೋಗಬೇಕು. ಆ ದಿನವೂ ನಾಲ್ಕೇ ನಿಮಿಷ ಎಂದು ನಾನು ನಿಲ್ಲಿಸುತ್ತಿದ್ದೆ. ಮೈ ಭಾರವಾದ ದಿನ ಪೂರ್ತಿ ಬಿಡುವಂತಿಲ್ಲ, ಅರ್ಧವಾದರೂ ನಡೆಯಬೇಕು. ದವಡೆ ಕಚ್ಚಿಕೊಂಡು ನಿಲ್ಲುತ್ತಿದ್ದರು, ದವಡೆ ಕಚ್ಚಿಕೊಂಡು ನಡೆಯುತ್ತಿದ್ದರು. ಆಗಸ್ಟಿನ ಮಳೆ ಹೆಚ್ಚು ಬಿಡುವು ಕೊಡಲಿಲ್ಲ. ಶೀಟಿನ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ತಿಂಗಳ ಕೊನೆಗೆ ಒಂಬತ್ತು ನಿಮಿಷಕ್ಕೆ ಬಂದಿದ್ದರು. ಒಂದೇ ಮಗ್ಗುಲಲ್ಲಿ ನಾಲ್ಕು ಗಂಟೆ ನಿದ್ದೆ ಮಾಡಿದರೆಂದು ಜಲಜಕ್ಕ ಹೇಳುವಾಗ ಮಾಸ್ಟ್ರ ಮುಖ ನೋಡಿದೆ. ಅವರು ಮಳೆ ನೋಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ತೆರಪು ಕೊಟ್ಟಾಗ ರಸ್ತೆಗೆ ಇಳಿದೆವು. ಮುಂದೆ ಅವರು, ನಾಲ್ಕು ಹೆಜ್ಜೆ ಹಿಂದೆ ನಾನು. ತೊಂದರೆ ಶುರುವಾದದ್ದು ಅಲ್ಲಿಂದ. ಶಾಲೆಯ ಯಾರೋ ಬಸ್ಸಿನಿಂದ ಅವರನ್ನು ನೋಡಿದರು. ತಾಲೂಕಿನ ಆಟೋಟಗಳು ಹತ್ತಿರ ಬಂದಿದ್ದವು, ಮಕ್ಕಳನ್ನು ತಯಾರು ಮಾಡುವವರಿಲ್ಲ, ಮಾಸ್ಟ್ರು ಮಾತ್ರ ರಜೆ ಹಾಕಿ ವಾಕಿಂಗ್ ಹೋಗುತ್ತಾರೆ ಎಂಬ ಮಾತು ಹೆಡ್ಮಾಸ್ಟ್ರಿಗೆ ಮುಟ್ಟಿತು. ಆಡಳಿತ ಮಂಡಳಿಯಿಂದ ಕಾಗದ ಬಂತು. ಕಾಯಿಲೆಗೆ ವೈದ್ಯಕೀಯ ಪರೀಕ್ಷೆಯ ಆಧಾರ ತೋರಿಸಬೇಕು, ಇಲ್ಲದಿದ್ದರೆ ಮುಂದಿನ ಕ್ರಮ ಎಂದಿತ್ತು.

ಆಧಾರಕ್ಕಾಗಿ ಅವರು ಇನ್ನೊಮ್ಮೆ ರಕ್ತ ಕೊಟ್ಟರು. ಪುತ್ತೂರಿನಿಂದ ಬಂದ ರಿಪೋರ್ಟಿನಲ್ಲಿ ಮೊದಲಿನ ಹಾಗೇ ಎಲ್ಲ ಸರಿ. ಡಾಕ್ಟರ ಮೇಜಿನ ಮೇಲೆ ಅದನ್ನು ಎಸೆದು, ಮೊದಲೂ ಸರಿ ಈಗಲೂ ಸರಿ, ಹಾಗಾದರೆ ಈ ನಡೆದದ್ದರಿಂದ ಒಳಗೆ ಕಡಿಮೆಯಾದದ್ದು ಏನು ಎಂದು ಕೇಳಿದರು. ಡಾಕ್ಟರು ತನಗೆ ಗೊತ್ತಿಲ್ಲ ಎಂದರು. ವ್ಯಾಯಾಮದಿಂದ ಉರಿಯೂತ ಇಳಿಯುತ್ತದೋ, ನರಗಳು ಶಾಂತವಾಗುತ್ತವೋ, ನಿದ್ದೆಯಿಂದ ಎಲ್ಲ ಸುಧಾರಿಸುತ್ತದೋ, ಅದನ್ನು ಖಚಿತವಾಗಿ ಹೇಳುವಷ್ಟು ಇನ್ನೂ ಯಾರಿಗೂ ತಿಳಿದಿಲ್ಲ. ನಿಮ್ಮದೇ ಪುಸ್ತಕದಲ್ಲಿ ನಿದ್ದೆ ಹೆಚ್ಚಾಗಿದೆ, ನೋವು ಇಳಿದಿದೆ, ನಾನು ನಂಬುವುದು ಅದನ್ನು, ಕಾಗದ ಒಪ್ಪುವವರೆಗೆ ಕಾಯಬೇಡಿ ಎಂದರು. ಮಂಡಳಿಗೆ ಎರಡು ಪುಟದ ಪತ್ರ ಬರೆದುಕೊಟ್ಟರು.

ಮರುದಿನ ಮಾಸ್ಟ್ರು ಗೇಟಿನಲ್ಲಿ ನಿಂತುಬಿಟ್ಟರು. ಜಲಜಕ್ಕ ಒಳಗಿದ್ದರು. ಹಾಗಾಗಿ ಎರಡು ತಿಂಗಳಲ್ಲಿ ಮೊದಲ ಸಲ ನೇರ ನನಗೇ ಹೇಳಿದರು.

"ಇನ್ನು ರಸ್ತೆಗೆ ಬರುದಿಲ್ಲ. ಜಗಲಿಯಲ್ಲೇ."

ಜಗಲಿಯಲ್ಲಿ ಹದಿನೈದು ನಿಮಿಷ ಸುತ್ತಿದರೆ ತಿರುಗಿ ತಿರುಗಿ ಸೊಂಟಕ್ಕೆ ಪೆಟ್ಟು ಎಂದೆ. ಜನ ನೋಡುತ್ತಾರೆ ಎಂದರು. ನೋಡಲಿ ಎಂದೆ.

"ನಿನಗೆ ಗೊತ್ತಾಗುದಿಲ್ಲ. ಸುಳ್ಳು ಹೇಳ್ತಾನೆ ಅಂತ ಹತ್ತು ಜನ ನೋಡುವಾಗ ಹೇಗಾಗ್ತದೆ ಅಂತ ನಿನಗೆ ಎಂತ ಗೊತ್ತುಂಟು?"

ಆಗ ಹೇಳಿದೆ. ನಾನು ಅವರ ಶಾಲೆಯಲ್ಲಿ ಓದಿದವಳೆಂದು, ಪೆರೇಡು, ಪ್ಯಾಂಟು, ನಾಲ್ಕು ಸುತ್ತು, ಹುಡುಗರು ಇಟ್ಟ ಹೆಸರು. ಇಷ್ಟು ವರ್ಷ ಒಳಗೆ ಎಷ್ಟು ದೊಡ್ಡದಾಗಿ ಇಟ್ಟುಕೊಂಡಿದ್ದೆನೋ, ಹೇಳಿ ಮುಗಿಸಲು ಎರಡು ನಿಮಿಷ ಸಾಕಾಯಿತು. ಅವರು ಗೇಟಿನ ಸರಳು ಹಿಡಿದು ನನ್ನ ಮುಖದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಹುಡುಕಿದರು. ನಿಜವಾಗಿಯೂ ಹುಡುಕಿದರು.

"ನನಗೆ ನೆನಪಿಲ್ಲ," ಎಂದರು. "ಮಾಡಿರಬಹುದು. ಎಷ್ಟು ಮಕ್ಕಳನ್ನು ಓಡಿಸಿದ್ದೇನೆ."

ಬೈದಿದ್ದರೆ, ಮಾಡಿದ್ದು ಸರಿ ಎಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮರೆತಿದ್ದರು. ನನ್ನ ಕೈಯಲ್ಲಿ ಒಂದು ಕ್ಷಣ ಏನೂ ಉಳಿಯಲಿಲ್ಲ.

"ಅದಕ್ಕೆ ಸೈಕಲ್ ಬಿಗಿ ಮಾಡಿದ್ದಾ?"

"ಹೌದು."

"ಈಗ ಎಂತ, ನಾನು ತಪ್ಪಾಯ್ತು ಹೇಳಬೇಕಾ?"

"ಬೇಡ."

"ಹೇಳುದೂ ಇಲ್ಲ," ಎಂದರು. ಗೇಟು ತೆಗೆದರು. ರಸ್ತೆಗೆ ಇಳಿದರು. ನಾನು ನಾಲ್ಕು ಹೆಜ್ಜೆ ಹಿಂದೆ ಹೋದೆ.

ಅಕ್ಟೋಬರಿನ ಮೊದಲ ವಾರ, ಗುಡುಗಿನ ಮಳೆ ಶುರುವಾಗುವ ಮುಂಚಿನ ಸೆಕೆಯ ಒಂದು ಬೆಳಿಗ್ಗೆ, ಕಲ್ಲುಗುಂಡಿ ಪೇಟೆಯವರೆಗೆ ಹೋಗಿದ್ದೆವು. ಹದಿನೆಂಟು ನಿಮಿಷ. ಅಷ್ಟು ದೂರ ಅವರು ಬಂದದ್ದು ಅದೇ ಮೊದಲು. ಹೋಟೆಲಿನ ಎದುರು ಐದಾರು ಮಂದಿ ಚಾ ಕುಡಿಯುತ್ತಿದ್ದರು. ಎಲ್ಲರೂ ಮಾಸ್ಟ್ರ ಪರಿಚಯದವರು, ಕೆಲವರು ಅವರದೇ ಶಿಷ್ಯರು. ಆಗ ಒಂದು ಕಾರು ಬದಿಗೆ ಬಂದು ನಿಂತಿತು. ಹೆಡ್ಮಾಸ್ಟ್ರು ಮಡಿಕೇರಿ ಕಡೆ ಹೊರಟವರು ಕಿಟಕಿ ಇಳಿಸಿದರು.

ವಾಕಿಂಗ್ ಜೋರುಂಟಲ್ಲ ಎಂದರು. ಚಾ ಕುಡಿಯುವವರು ಗ್ಲಾಸು ಹಿಡಿದುಕೊಂಡೇ ತಿರುಗಿದರು. ಹೆಡ್ಮಾಸ್ಟ್ರು ಕಾರಿನಿಂದಿಳಿದು, ಡಾಕ್ಟರ ಪತ್ರ ಬಂದಿದೆ, ಆದರೆ ರಕ್ತ ಪರೀಕ್ಷೆ ಎಲ್ಲ ಸರಿ ಇದೆ ಎಂದು ಅದರಲ್ಲೇ ಬರೆದಿದ್ದಾರೆ, ಮಂಡಳಿಯವರು ಕೇಳಿದರೆ ತಾನು ಏನು ಹೇಳಬೇಕು ಎಂದು ನಯವಾಗಿಯೇ ಕೇಳಿ ನನ್ನ ಕಡೆ ತಿರುಗಿದರು.

"ಚಿಕಿತ್ಸೆ ಕೊಡುವವರು ನೀವಲ್ವಾ? ನೀವೇ ಹೇಳಿ. ಈ ಕಾಯಿಲೆ ಇರುದು ಹೌದಾ?"

ಎಲ್ಲರೂ ನನ್ನನ್ನು ನೋಡಿದರು. ಮಾಸ್ಟ್ರು ನೋಡಲಿಲ್ಲ. ನಾನು ಭುಜ ಕುಣಿಸಿದರೆ ಸಾಕಿತ್ತು. ಡಾಕ್ಟರನ್ನು ಕೇಳಿ ಎಂದರೂ ಸಾಕಿತ್ತು, ಆ ಚಾ ಮುಗಿಯುವುದರೊಳಗೆ ಅವರ ಇಪ್ಪತ್ತೆಂಟು ವರ್ಷದ ಹೆಸರು ಹೋಗುತ್ತಿತ್ತು. ಅದು ನನಗೆ ಹೊಳೆಯಲಿಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ.

"ಹೌದು," ಎಂದೆ. "ಜುಲೈಯಲ್ಲಿ ಇವರಿಗೆ ಹಾಸಿಗೆಯಿಂದ ಏಳ್ಲಿಕ್ಕೆ ಆಗ್ತಿರಲಿಲ್ಲ. ಈ ನಡಿಗೆಯೇ ಮದ್ದು. ಇದನ್ನು ನಿಲ್ಲಿಸಿದ್ರೆ ಮತ್ತೆ ಏಳುದಿಲ್ಲ. ಮಂಡಳಿಯವರು ಕರೆದ್ರೆ ನಾನು ಬಂದು ಹೇಳ್ತೇನೆ."

ಹೆಡ್ಮಾಸ್ಟ್ರು ಇನ್ನೇನೋ ಹೇಳಲು ಹೊರಟರು. ಅಷ್ಟರಲ್ಲಿ ಮಾಸ್ಟ್ರು ಹೋಟೆಲಿನ ಬೆಂಚಿನ ಕಡೆ ನಡೆದರು. ಕೂತವರೊಬ್ಬರು ಸರಿದು ಜಾಗ ಕೊಟ್ಟರು. ಮೈದಾನದಲ್ಲಾಗಲಿ, ಸಭೆಯಲ್ಲಾಗಲಿ ನಾಲ್ಕು ಜನರ ಎದುರು ದಾಮೋದರ ಮಾಸ್ಟ್ರು ಸುಸ್ತಾಗಿ ಕೂತದ್ದನ್ನು ಅಲ್ಲಿದ್ದ ಯಾರೂ ನೋಡಿರಲಿಕ್ಕಿಲ್ಲ. ಎರಡು ಕೈಯಲ್ಲಿ ಬೆಂಚು ಹಿಡಿದು ಮೆಲ್ಲಗೆ ಕೂತರು.

"ಪರೀಕ್ಷೆಯಲ್ಲಿ ಎಂತದೂ ಇಲ್ಲ. ನನಗೆ ನೋವುಂಟು," ಎಂದರು. ಹೆಡ್ಮಾಸ್ಟ್ರಿಗೆ ಹೇಳಿದ್ದೋ, ಚಾ ಕುಡಿಯುವವರಿಗೋ. "ಹತ್ತು ನಿಮಿಷ ಕೂತು ಮತ್ತೆ ನಡೆಯುದು."

ಯಾರೂ ನಗಲಿಲ್ಲ. ಹೆಡ್ಮಾಸ್ಟ್ರು ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ಹೋಟೆಲಿನವರು ಕೇಳದೆಯೇ ಒಂದು ಚಾ ತಂದಿಟ್ಟರು. ವಾಪಸ್ಸು ಬರುವಾಗಲೂ ಮಾಸ್ಟ್ರು ನಾಲ್ಕು ಹೆಜ್ಜೆ ಮುಂದೆಯೇ ನಡೆದರು.

ಮಂಡಳಿ ಕರೆಯಲಿಲ್ಲ. ಗೊಣಗಿಕೊಂಡೇ ಪತ್ರ ಒಪ್ಪಿದರಂತೆ. ನವೆಂಬರಿನಲ್ಲಿ ಮಾಸ್ಟ್ರು ಅರ್ಧ ದಿನದ ಕೆಲಸಕ್ಕೆ ಸೇರಿದರು. ನೋವು ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಮಳೆಗಾಲ ಬಂದರೆ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ, ನಡಿಗೆ ಒಂದು ದಿನವೂ ತಪ್ಪಿಸಿಲ್ಲ ಎಂದು ಕಳೆದ ವರ್ಷ ಜಲಜಕ್ಕ ಫೋನಿನಲ್ಲಿ ಹೇಳಿದರು. ಅವರೂ ನನ್ನ ಹತ್ತಿರ ಪ್ರೀತಿಯಿಂದ ಮಾತಾಡಿದ್ದಲ್ಲ. ತಮ್ಮ ಮೊಣಕೈ ನೋವಿಗೆ ಏನು ಮಾಡಬೇಕೆಂದು ಕೇಳಲು ಫೋನು ಮಾಡಿದ್ದು.

ಡಾಕ್ಟರ್ ನಸೀಮಾ ನನ್ನನ್ನು ತೆಗೆಯಲಿಲ್ಲ. ಆದರೆ ಆ ಜುಲೈಯ ನಂತರ ನಾನೊಬ್ಬಳೇ ಇರುವಾಗ ಹೊಸ ರೋಗಿಯನ್ನು ಮೇಲೆ ಕಳಿಸುವ ಮೊದಲು ಅವರು ಒಂದು ಕ್ಷಣ ತಡೆಯುತ್ತಿದ್ದರು. ಡಿಸೆಂಬರಿನಲ್ಲಿ ಪುತ್ತೂರಿನಲ್ಲಿ ಕೆಲಸ ಸಿಕ್ಕಿದಾಗ ಹೊರಟುಬಿಟ್ಟೆ.

ಕೊನೆಯ ದಿನ ಮಾಸ್ಟ್ರ ಜೊತೆ ಇಪ್ಪತ್ತೈದು ನಿಮಿಷ ನಡೆದೆ. ಮುಂದೆ ಹೇಗೆ ಹೆಚ್ಚಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಬರೆದ ಕಾಗದ ಕೊಟ್ಟು, ನಾಳೆಯಿಂದ ನಾನು ಬರುವುದಿಲ್ಲ, ಪುತ್ತೂರಿಗೆ ಹೋಗುತ್ತಿದ್ದೇನೆ ಎಂದೆ. ಕಾಗದವನ್ನು ಮೇಲಿನಿಂದ ಕೆಳಗೆ ಪೂರ್ತಿ ಓದಿದರು. ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದರು.

"ಅಲ್ಲಿಯವರನ್ನಾದ್ರೂ ಸರಿಯಾಗಿ ನೋಡಿಕೋ," ಎಂದರು.

"ನೋಡ್ತೇನೆ ಸರ್," ಎಂದೆ.

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.